‘ಮೇಕ್ ಅಪ್’: ಒಂದೇ ನುಡಿಗಟ್ಟಿನ ಹಲವು ಅರ್ಥಗಳು

ಪ್ರಶ್ನೆ: ಇಂಗ್ಲಿಷ್ ಓದುವಾಗ ‘ಮೇಕ್ ಅಪ್’ ಎಂಬ ನುಡಿಗಟ್ಟು ಪದೇ ಪದೇ ಎದುರಾಗುತ್ತದೆ. ಒಂದು ಕಡೆ ಅದಕ್ಕೆ ‘ಸೇರಿ ಆಗಿರು’ ಎಂಬ ಅರ್ಥ, ಇನ್ನೊಂದು ಕಡೆ ‘ಸುಳ್ಳು ಹೆಣೆ’ ಎಂಬ ಅರ್ಥ, ಮತ್ತೊಂದು ಕಡೆ ‘ರಾಜಿಯಾಗು’ ಎಂಬ ಅರ್ಥ. ನಿಘಂಟನ್ನು ತೆರೆದರೆ ಇನ್ನೂ ಹಲವು ಸಿಗುತ್ತವೆ. ಈ ಅರ್ಥಗಳಿಗೆ ಒಂದಕ್ಕೊಂದು ಸಂಬಂಧವಿದೆಯೇ? ಯಾವ ಅರ್ಥಕ್ಕೆ ಯಾವ ಸಮಾನಾರ್ಥಕ ಪದವನ್ನು ಬಳಸಬೇಕು? ಔಪಚಾರಿಕ ಬರವಣಿಗೆಯಲ್ಲಿ ಈ ನುಡಿಗಟ್ಟನ್ನು ಬಳಸಬಹುದೇ?

ಉತ್ತರ: ಸಂಬಂಧ ಖಂಡಿತ ಇದೆ, ಅದನ್ನು ಹಿಡಿದರೆ ಅರ್ಥಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ಕಷ್ಟ ಬಹುಮಟ್ಟಿಗೆ ತಪ್ಪುತ್ತದೆ. ನನ್ನ ತಿಳಿವಳಿಕೆಯಂತೆ ಈ ನುಡಿಗಟ್ಟಿನ ಎಲ್ಲ ಮುಖ್ಯ ಅರ್ಥಗಳ ಹಿಂದೆಯೂ ಇರುವುದು ಒಂದೇ ಕಲ್ಪನೆ: ಬಿಡಿಬಿಡಿಯಾಗಿರುವುದನ್ನು ಕೂಡಿಸಿ, ಅಥವಾ ಕಡಿಮೆ ಬಿದ್ದಿರುವುದನ್ನು ತುಂಬಿಸಿ, ಒಂದು ಪೂರ್ಣವಾದ ವಸ್ತುವನ್ನು ಮಾಡುವುದು. ಭಾಗಗಳು ಸೇರಿ ಇಡಿಯಾಗುವುದು, ಕೊರತೆ ತುಂಬುವುದು, ಇಲ್ಲದ ಕಥೆಯನ್ನು ಕಟ್ಟುವುದು, ಮುರಿದ ಸ್ನೇಹವನ್ನು ಮತ್ತೆ ಕೂಡಿಸುವುದು, ತೂಗಾಡುತ್ತಿರುವ ಮನಸ್ಸನ್ನು ಒಂದು ತೀರ್ಮಾನಕ್ಕೆ ತರುವುದು, ಎಲ್ಲವೂ ಆ ಕಲ್ಪನೆಯ ಕವಲುಗಳೇ. ಆದರೆ ಕವಲುಗಳು ಇಷ್ಟು ದೂರ ಚಾಚಿರುವುದರಿಂದ ಒಂದು ಕವಲಿನ ಸಮಾನಾರ್ಥಕ ಪದವನ್ನು ಇನ್ನೊಂದು ಕವಲಿಗೆ ತಂದು ಕೂರಿಸಲಾಗದು. ಸಮಾನಾರ್ಥಕ ಪದಗಳಿರುವುದು ‘ಮೇಕ್ ಅಪ್’ ಎಂಬ ನುಡಿಗಟ್ಟಿಗಲ್ಲ, ಅದರ ಒಂದೊಂದು ಅರ್ಥಕ್ಕೆ. ಯಾವ ವಾಕ್ಯದಲ್ಲಿ ಯಾವ ಅರ್ಥವಿದೆ ಎಂಬುದನ್ನು ಹೇಳುವುದು ಅದರ ಹಿಂದೆ ಮುಂದೆ ಬರುವ ಪದಗಳು.

ಕ್ರಿಯಾಪದಕ್ಕೆ ಒಂದು ಸಣ್ಣ ಪದವನ್ನು ಜೋಡಿಸಿ ಹೊಸ ಅರ್ಥವನ್ನು ಹುಟ್ಟಿಸುವುದು ಇಂಗ್ಲಿಷಿನ ಹಳೆಯ ಪದ್ಧತಿ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ತಮ್ಮ ನಿಘಂಟಿನ ಮುನ್ನುಡಿಯಲ್ಲಿಯೇ, ಹೊರಗಿನವರಿಗೆ ಅತ್ಯಂತ ಕಷ್ಟ ಕೊಡುವುದು ಈ ಬಗೆಯ ಜೋಡಣೆ ಎಂದು ಹೇಳಿ, ಇಂತಹ ಪ್ರಯೋಗಗಳನ್ನು ಶ್ರಮವಹಿಸಿ ದಾಖಲಿಸಿದ್ದಾಗಿ ಬರೆದರು. ಇವುಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ಅವರ ಬರವಣಿಗೆಯಿಂದ. ಆ ಹೆಸರನ್ನು ಸೂಚಿಸಿದವರು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾಗಿದ್ದ ಹೆನ್ರಿ ಬ್ರಾಡ್ಲಿ ಎಂದು ಸ್ಮಿತ್ ಅವರೇ ಹೇಳಿದ್ದಾರೆ. ‘ಅಪ್’ ಎಂದರೆ ‘ಮೇಲೆ’ ಎಂದು ನಾವು ಕಲಿತಿದ್ದೇವೆ. ಆದರೆ ‘ಈಟ್ ಅಪ್’, ‘ಯೂಸ್ ಅಪ್’, ‘ಫಿಲ್ ಅಪ್’ ಮುಂತಾದ ಕಡೆ ಅದಕ್ಕೂ ಮೇಲ್ಮುಖ ಚಲನೆಗೂ ಸಂಬಂಧವಿಲ್ಲ, ಕೆಲಸ ಪೂರ್ತಿಯಾಯಿತು ಎಂಬುದಷ್ಟೇ ಅದರ ಸೂಚನೆ. ಕನ್ನಡಿಗರಿಗೆ ಇದು ಹೊಸ ಸಂಗತಿಯೇನಲ್ಲ. ‘ತಿಂದುಬಿಡು’, ‘ಮುಗಿಸಿಬಿಡು’ ಎನ್ನುವಾಗ ‘ಬಿಡು’ ಎಂಬುದು ಯಾವುದನ್ನೂ ಬಿಡುವುದನ್ನು ಹೇಳುವುದಿಲ್ಲ, ಕ್ರಿಯೆಯ ಪೂರ್ಣತೆಯನ್ನು ಹೇಳುತ್ತದೆ. ‘ಮೇಕ್ ಅಪ್’ನಲ್ಲಿರುವ ‘ಅಪ್’ ಅನ್ನು ಹೀಗೆ ಪೂರ್ಣತೆಯ ಗುರುತಾಗಿ ಓದಿಕೊಂಡರೆ ಮುಂದಿನ ದಾರಿ ಸಲೀಸಾಗುತ್ತದೆ.

ಮೊದಲಿಗೆ ‘ಭಾಗಗಳು ಸೇರಿ ಇಡಿಯಾಗು’ ಎಂಬ ಅರ್ಥವನ್ನು ನೋಡೋಣ. ‘ವಿಮೆನ್ ಮೇಕ್ ಅಪ್ ಹಾಫ್ ದ ಸ್ಟಾಫ್’ ಎಂದರೆ ಸಿಬ್ಬಂದಿಯಲ್ಲಿ ಅರ್ಧದಷ್ಟು ಮಂದಿ ಮಹಿಳೆಯರು ಎಂದರ್ಥ. ಇಲ್ಲಿ ಭಾಗವು ಕರ್ತೃಸ್ಥಾನದಲ್ಲಿದೆ, ಇಡಿಯಾದದ್ದು ಕರ್ಮಸ್ಥಾನದಲ್ಲಿದೆ. ಇಡಿಯಾದದ್ದರಿಂದಲೇ ವಾಕ್ಯವನ್ನು ಆರಂಭಿಸಬೇಕಾದರೆ ‘ಈಸ್ ಮೇಡ್ ಅಪ್ ಆಫ್’ ಎಂದು ತಿರುಗಿಸಬೇಕು: ‘ದ ಕಮಿಟಿ ಈಸ್ ಮೇಡ್ ಅಪ್ ಆಫ್ ಟೀಚರ್ಸ್’. ಸಮಾನಾರ್ಥಕ ಪದಗಳನ್ನು ಆರಿಸುವಾಗ ಬಹಳಷ್ಟು ಜನ ಎಡವುವುದು ಈ ಕರ್ತೃ-ಕರ್ಮಗಳ ವಿಷಯದಲ್ಲಿಯೇ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ‘ಕಾನ್‌ಸ್ಟಿಟ್ಯೂಟ್’ ಮತ್ತು ‘ಫಾರ್ಮ್’ ಎಂಬ ಪದಗಳು ‘ಮೇಕ್ ಅಪ್’ನಂತೆಯೇ ಭಾಗವನ್ನು ಕರ್ತೃವಾಗಿ ಮಾಡಿಕೊಳ್ಳುತ್ತವೆ, ಆದ್ದರಿಂದ ನೇರವಾಗಿ ಅದರ ಜಾಗದಲ್ಲಿ ಬರಬಲ್ಲವು. ‘ಕಂಪೋಸ್’ ಈ ಅರ್ಥದಲ್ಲಿ ಹೆಚ್ಚಾಗಿ ಬರುವುದು ‘ಈಸ್ ಕಂಪೋಸ್ಡ್ ಆಫ್’ ಎಂಬ ರೂಪದಲ್ಲಿ. ‘ಕನ್ಸಿಸ್ಟ್ ಆಫ್’ ಎಂಬುದಕ್ಕೆ ಇಡಿಯಾದದ್ದೇ ಕರ್ತೃವಾಗಿರಬೇಕು, ಮತ್ತು ಅದಕ್ಕೆ ಕರ್ಮಣಿ ರೂಪವೇ ಇಲ್ಲ, ‘ಈಸ್ ಕನ್ಸಿಸ್ಟೆಡ್ ಆಫ್’ ಎಂದು ಬರೆದರೆ ಅದು ಸ್ಪಷ್ಟವಾದ ತಪ್ಪು. ‘ಕಂಪ್ರೈಸ್’ ಇನ್ನೂ ಸೂಕ್ಷ್ಮವಾದದ್ದು. ಸಾಂಪ್ರದಾಯಿಕ ನಿಯಮದಂತೆ ಇಡಿಯಾದದ್ದು ಭಾಗಗಳನ್ನು ‘ಕಂಪ್ರೈಸ್’ ಮಾಡುತ್ತದೆ, ನಡುವೆ ‘ಆಫ್’ ಬೇಕಾಗಿಲ್ಲ. ‘ಈಸ್ ಕಂಪ್ರೈಸ್ಡ್ ಆಫ್’ ಎಂಬ ರೂಪ ಬಳಕೆಯಲ್ಲಿ ವ್ಯಾಪಕವಾಗಿದ್ದರೂ ಅದನ್ನು ಒಪ್ಪದ ಓದುಗರು ಇಂದಿಗೂ ಇದ್ದಾರೆ. ಸಂದೇಹವಿದ್ದಾಗ ‘ಮೇಕ್ ಅಪ್’ ಅಥವಾ ‘ಈಸ್ ಮೇಡ್ ಅಪ್ ಆಫ್’ ಎಂದೇ ಬರೆಯುವುದು ಸುರಕ್ಷಿತ ಎಂಬುದು ನನ್ನ ಸಲಹೆ. ಗಾಂಭೀರ್ಯಕ್ಕಾಗಿ ದೊಡ್ಡ ಪದವನ್ನು ತಂದು ವಾಕ್ಯರಚನೆಯಲ್ಲಿ ತಪ್ಪುವುದಕ್ಕಿಂತ ಇದು ಎಷ್ಟೋ ಮೇಲು.

ಈ ಅರ್ಥದಿಂದಲೇ ‘ಮೇಕಪ್’ ಎಂಬ ನಾಮಪದಕ್ಕೆ ‘ರಚನೆ’, ‘ಸಂಯೋಜನೆ’ ಎಂಬ ಅರ್ಥ ಬಂದಿದೆ. ಕನ್ನಡದಲ್ಲಿ ಮೇಕಪ್ ಎಂದರೆ ಮುಖಕ್ಕೆ ಬಣ್ಣ ಹಚ್ಚುವುದು ಮಾತ್ರ. ಆದ್ದರಿಂದ ‘ಜೆನೆಟಿಕ್ ಮೇಕಪ್’ ಎಂಬುದನ್ನು ಮೊದಲ ಸಲ ಓದುವವರು ಗೊಂದಲಕ್ಕೆ ಬೀಳುವುದು ಸಹಜ. ಅದರ ಅರ್ಥ ಒಂದು ಜೀವಿಯ ಆನುವಂಶಿಕ ರಚನೆ. ‘ದ ಮೇಕಪ್ ಆಫ್ ದ ಟೀಮ್’ ಎಂದರೆ ತಂಡದಲ್ಲಿ ಯಾರು ಯಾರು, ಯಾವ ಪ್ರಮಾಣದಲ್ಲಿ ಇದ್ದಾರೆ ಎಂಬುದು. ‘ಇಟ್ ಈಸ್ ನಾಟ್ ಇನ್ ಹಿಸ್ ಮೇಕಪ್’ ಎಂದರೆ ಅದು ಅವನ ಸ್ವಭಾವದಲ್ಲಿಯೇ ಇಲ್ಲ ಎಂದರ್ಥ. ಇಂತಹ ಕಡೆ ‘ಕಾಂಪೊಸಿಷನ್’, ‘ಸ್ಟ್ರಕ್ಚರ್’, ವ್ಯಕ್ತಿಯ ವಿಷಯವಾದರೆ ‘ಟೆಂಪರಮೆಂಟ್’, ‘ಕ್ಯಾರೆಕ್ಟರ್’ ಎಂಬ ಪದಗಳು ಹೊಂದುತ್ತವೆ. ಬಣ್ಣಗಾರಿಕೆಯ ಅರ್ಥ ಬೆಳೆದದ್ದು ರಂಗಭೂಮಿಯಲ್ಲಿ. ನಟರು ವೇಷ, ಬಣ್ಣ, ಕೂದಲು ಎಲ್ಲವನ್ನೂ ಕೂಡಿಸಿಕೊಂಡು ಒಂದು ಪಾತ್ರವಾಗಿ ಸಿದ್ಧರಾಗುವುದಕ್ಕೆ ಆ ಮಾತು ಸಲ್ಲುತ್ತಿತ್ತು. ಆ ಬಳಿಕ ಅದು ದಿನನಿತ್ಯದ ಪ್ರಸಾಧನಕ್ಕೂ ಹಬ್ಬಿತು. ಈ ಅರ್ಥಕ್ಕೆ ಹತ್ತಿರವಾದ ಪದ ‘ಕಾಸ್ಮೆಟಿಕ್ಸ್’, ಆದರೆ ಅದು ಹೆಚ್ಚಾಗಿ ಸಾಮಗ್ರಿಗಳನ್ನು ಸೂಚಿಸುತ್ತದೆ. ಬಳಿದುಕೊಂಡಾಗ ಕಾಣುವ ರೂಪವನ್ನು ಹೇಳಬೇಕಾದರೆ ‘ಮೇಕಪ್’ ಎಂದೇ ಹೇಳಬೇಕು.

ಎರಡನೆಯ ದೊಡ್ಡ ಕವಲು ಕೊರತೆಯನ್ನು ತುಂಬುವುದು. ‘ಮೇಕ್ ಅಪ್ ದ ಡಿಫರೆನ್ಸ್’ ಎಂದರೆ ಕಡಿಮೆ ಬಿದ್ದ ಮೊತ್ತವನ್ನು ಸೇರಿಸಿ ಲೆಕ್ಕವನ್ನು ಸರಿದೂಗಿಸುವುದು. ‘ಮೇಕ್ ಅಪ್ ದ ನಂಬರ್ಸ್’ ಎಂದರೆ ಬೇಕಾದಷ್ಟು ಜನ ಇಲ್ಲದಾಗ ಸಂಖ್ಯೆ ತುಂಬಿಸಲು ಸೇರಿಕೊಳ್ಳುವುದು. ಈ ಮಾತಿನಲ್ಲಿ, ಬಂದವನ ಯೋಗ್ಯತೆಗಿಂತ ಅವನ ಲೆಕ್ಕವಷ್ಟೇ ಮುಖ್ಯವಾಗಿತ್ತು ಎಂಬ ಧ್ವನಿಯೂ ಹಲವೊಮ್ಮೆ ಇರುತ್ತದೆ. ಉಗಿಯ ಬಾಯ್ಲರುಗಳಲ್ಲಿ ಆವಿಯಾಗಿಯೋ ಸೋರಿಯೋ ನಷ್ಟವಾದ ನೀರಿನ ಬದಲಿಗೆ ಹೊಸದಾಗಿ ಸೇರಿಸುವ ನೀರನ್ನು ತಂತ್ರಜ್ಞರು ‘ಮೇಕಪ್ ವಾಟರ್’ ಎನ್ನುವುದು ಇದೇ ಅರ್ಥದಲ್ಲಿ. ಅಮೆರಿಕದ ಶಾಲಾ ಕಾಲೇಜುಗಳಲ್ಲಿ, ತಪ್ಪಿಹೋದ ಪರೀಕ್ಷೆಗೆ ಬದಲಾಗಿ ಬರೆಯುವ ಪರೀಕ್ಷೆ ‘ಮೇಕಪ್ ಎಗ್ಸಾಮ್’ ಆಗುವುದೂ ಹೀಗೆಯೇ.

‘ಫಾರ್’ ಎಂಬ ಪದ ಸೇರಿದಾಗ ಈ ಅರ್ಥ ಇನ್ನಷ್ಟು ವಿಸ್ತಾರವಾಗುತ್ತದೆ. ‘ಮೇಕ್ ಅಪ್ ದ ಶಾರ್ಟ್‌ಫಾಲ್’ ಎಂದರೆ ಕೊರತೆಯನ್ನೇ ನೇರವಾಗಿ ಭರ್ತಿ ಮಾಡುವುದು. ‘ಹರ್ ಎಂಥೂಸಿಯಾಸಮ್ ಮೇಕ್ಸ್ ಅಪ್ ಫಾರ್ ಹರ್ ಲ್ಯಾಕ್ ಆಫ್ ಎಕ್ಸ್‌ಪೀರಿಯೆನ್ಸ್’ ಎಂದಾಗ ಅನುಭವದ ಕೊರತೆ ಹಾಗೆಯೇ ಉಳಿದಿದೆ, ಉತ್ಸಾಹವೆಂಬ ಬೇರೊಂದು ಗುಣ ಅದಕ್ಕೆ ಪ್ರತಿಯಾಗಿ ನಿಂತು ತೂಕವನ್ನು ಸಮ ಮಾಡುತ್ತಿದೆ. ಈ ವ್ಯತ್ಯಾಸ ಬಹಳ ಮುಖ್ಯವಾದದ್ದು, ಏಕೆಂದರೆ ಸಮಾನಾರ್ಥಕ ಪದದ ಆಯ್ಕೆ ಇದರ ಮೇಲೆ ನಿಂತಿದೆ. ‘ಕಾಂಪೆನ್ಸೇಟ್ ಫಾರ್’ ಎಂಬುದು ‘ಮೇಕ್ ಅಪ್ ಫಾರ್’ನ ಔಪಚಾರಿಕ ರೂಪ, ಬಹುತೇಕ ಎಲ್ಲ ಕಡೆಯೂ ಸಲ್ಲುತ್ತದೆ. ‘ಆಫ್‌ಸೆಟ್’ ಎಂಬುದು ಲಾಭ ನಷ್ಟ, ಏರಿಕೆ ಇಳಿಕೆಗಳಂತಹ ಅಳೆಯಬಹುದಾದ ವಿಷಯಗಳಿಗೆ ಹೆಚ್ಚು ಒಪ್ಪುತ್ತದೆ, ಮತ್ತು ಅದರ ಮುಂದೆ ‘ಫಾರ್’ ಬರುವುದಿಲ್ಲ. ‘ಅಟೋನ್ ಫಾರ್’ ಎಂದರೆ ಪಾಪಕ್ಕೋ ಗಂಭೀರ ತಪ್ಪಿಗೋ ಪ್ರಾಯಶ್ಚಿತ್ತ ಮಾಡಿಕೊಳ್ಳುವುದು. ಕಳೆದುಹೋದ ಸಮಯಕ್ಕೆ ಯಾರೂ ‘ಅಟೋನ್’ ಮಾಡುವುದಿಲ್ಲ, ‘ಮೇಕ್ ಅಪ್ ಫಾರ್ ಲಾಸ್ಟ್ ಟೈಮ್’ ಎಂದೇ ಹೇಳಬೇಕು. ‘ಮೇಕ್ ಅಮೆಂಡ್ಸ್’ ಎಂಬುದು ಇವೆರಡರ ನಡುವೆ ನಿಲ್ಲುತ್ತದೆ: ತಾನು ಇನ್ನೊಬ್ಬರಿಗೆ ಮಾಡಿದ ಅನ್ಯಾಯವನ್ನು ಸರಿಪಡಿಸುವ ಪ್ರಯತ್ನ ಅದು.

ಈಗ ಕಥೆ ಕಟ್ಟುವ ಅರ್ಥಕ್ಕೆ ಬರೋಣ. ನೀವು ಇದನ್ನು ‘ಸುಳ್ಳು ಹೆಣೆ’ ಎಂದು ಗ್ರಹಿಸಿದ್ದೀರಿ. ಅದು ಅರ್ಧ ಮಾತ್ರ ಸರಿ. ಮಲಗುವ ಮುನ್ನ ಮಗುವಿಗೆ ಹೊಸದೊಂದು ಕಥೆಯನ್ನು ಕಟ್ಟಿ ಹೇಳುವ ತಾಯಿಯೂ ‘ಮೇಕ್ ಅಪ್’ ಮಾಡುತ್ತಾಳೆ, ತಡವಾಗಿ ಬಂದದ್ದಕ್ಕೆ ಇಲ್ಲದ ಕಾರಣವನ್ನು ಹೇಳುವವನೂ ‘ಮೇಕ್ ಅಪ್’ ಮಾಡುತ್ತಾನೆ. ಇಬ್ಬರೂ ಮೊದಲು ಇಲ್ಲದ್ದನ್ನು ಮನಸ್ಸಿನಲ್ಲಿಯೇ ಕೂಡಿಸಿ ಒಂದು ರೂಪಕ್ಕೆ ತರುತ್ತಿದ್ದಾರೆ. ಅದು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ನುಡಿಗಟ್ಟು ಹೇಳುವುದಿಲ್ಲ, ಸಂದರ್ಭ ಹೇಳುತ್ತದೆ. ಕನ್ನಡದ ‘ಕಟ್ಟು’ ಎಂಬ ಕ್ರಿಯಾಪದ ಇದಕ್ಕೆ ಅಚ್ಚರಿ ಹುಟ್ಟಿಸುವಷ್ಟು ಹತ್ತಿರವಾಗಿದೆ: ಪದ ಕಟ್ಟುತ್ತಾರೆ, ಹಾಡು ಕಟ್ಟುತ್ತಾರೆ, ‘ಅದೆಲ್ಲ ಬರೀ ಕಟ್ಟುಕಥೆ’ ಎಂದೂ ಹೇಳುತ್ತಾರೆ.

ಸಮಾನಾರ್ಥಕ ಪದಗಳು ಮಾತ್ರ ಇಂತಹ ತಟಸ್ಥತೆಯನ್ನು ಉಳಿಸಿಕೊಂಡಿಲ್ಲ. ‘ಇನ್ವೆಂಟ್’ ಬಹುಮಟ್ಟಿಗೆ ತಟಸ್ಥವಾದದ್ದು, ಎರಡೂ ಬಗೆಯ ಸಂದರ್ಭಗಳಿಗೆ ಹೊಂದುತ್ತದೆ. ‘ಫ್ಯಾಬ್ರಿಕೇಟ್’ ಎಂಬುದು ಮೋಸದ ಉದ್ದೇಶದಿಂದ ಸಾಕ್ಷ್ಯವನ್ನೋ ದಾಖಲೆಯನ್ನೋ ಅಂಕಿಅಂಶಗಳನ್ನೋ ಸೃಷ್ಟಿಸುವುದಕ್ಕೆ ಬಳಸುವ ಭಾರವಾದ ಪದ, ಅದನ್ನು ಮಗುವಿಗೆ ಹೇಳುವ ಕಥೆಗೆ ಬಳಸಿದರೆ ತಾಯಿಯ ಮೇಲೆ ಆರೋಪ ಹೊರಿಸಿದಂತಾಗುತ್ತದೆ. ‘ಕನ್‌ಕಾಕ್ಟ್’ ಎಂಬ ಪದದ ಲ್ಯಾಟಿನ್ ಮೂಲದಲ್ಲಿ ‘ಒಟ್ಟಿಗೆ ಬೇಯಿಸು’ ಎಂಬ ಅರ್ಥವಿದೆ. ಹಲವು ಎಳೆಗಳನ್ನು ಬೆರೆಸಿ ಜಟಿಲವಾದ ನೆಪವನ್ನೋ ಸಂಚನ್ನೋ ಸಿದ್ಧಪಡಿಸುವುದಕ್ಕೆ ಅದು ಸಲ್ಲುತ್ತದೆ, ಆಡುಮಾತಿನಲ್ಲಿ ಅದರ ಜಾಗದಲ್ಲಿ ‘ಕುಕ್ ಅಪ್’ ಇದೆ. ಹೊಸ ಪದವನ್ನು ಹುಟ್ಟುಹಾಕುವುದಕ್ಕೆ ‘ಕಾಯಿನ್’ ಎಂಬ ಪ್ರತ್ಯೇಕ ಕ್ರಿಯಾಪದವಿದೆ. ಮುಂಚಿತವಾಗಿ ಸಿದ್ಧತೆ ಇಲ್ಲದೆ ಆ ಕ್ಷಣಕ್ಕೆ ತೋಚಿದಂತೆ ಮುಂದುವರಿಯುವುದನ್ನು ‘ಮೇಕ್ ಇಟ್ ಅಪ್ ಆ್ಯಸ್ ಯೂ ಗೋ ಅಲಾಂಗ್’ ಎನ್ನುತ್ತಾರೆ, ಅದಕ್ಕೆ ‘ಇಂಪ್ರೊವೈಸ್’ ಸರಿಯಾದ ಪರ್ಯಾಯ. ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ‘ಯೂ ಆರ್ ಲೈಯಿಂಗ್’ ಎಂಬುದು ನೇರವಾದ ಆಪಾದನೆ. ‘ಯೂ ಆರ್ ಮೇಕಿಂಗ್ ದಿಸ್ ಅಪ್’ ಎಂಬುದು ಅಷ್ಟು ಕಠಿಣವಲ್ಲ. ಕೇಳಿದ ಸುದ್ದಿ ನಂಬಲಾಗದಷ್ಟು ವಿಚಿತ್ರವಾಗಿದ್ದಾಗ ಆಪ್ತರ ನಡುವೆ ಅದು ಬೆರಗಿನ ಉದ್ಗಾರವಾಗಿಯೂ ಬರುತ್ತದೆ.

ಜಗಳದ ನಂತರ ಒಂದಾಗುವ ಅರ್ಥವನ್ನು ನೀವು ‘ರಾಜಿಯಾಗು’ ಎಂದು ಅನುವಾದಿಸಿಕೊಂಡಿದ್ದೀರಿ. ಅಲ್ಲಿ ಒಂದು ತಿದ್ದುಪಡಿ ಅಗತ್ಯ. ಕನ್ನಡದ ‘ರಾಜಿ’ಯಲ್ಲಿ ಎರಡೂ ಕಡೆಯವರು ಏನನ್ನಾದರೂ ಬಿಟ್ಟುಕೊಟ್ಟು ಒಪ್ಪಂದಕ್ಕೆ ಬರುವ ಭಾವವಿದೆ, ಅದಕ್ಕೆ ಇಂಗ್ಲಿಷಿನಲ್ಲಿ ‘ಕಾಂಪ್ರಮೈಸ್’ ಎಂಬ ಬೇರೆ ಪದವಿದೆ. ‘ದೇ ಮೇಡ್ ಅಪ್’ ಎಂದರೆ ಮಾತು ಬಿಟ್ಟಿದ್ದವರು ಮತ್ತೆ ಮಾತಿಗೆ ಬಂದರು, ಮುನಿಸು ಕಳೆದು ಮೊದಲಿನಂತಾದರು ಎಂದರ್ಥ, ಜಗಳದ ವಿಷಯ ಇತ್ಯರ್ಥವಾಗಿರಲೇಬೇಕೆಂದಿಲ್ಲ. ಇದು ಗೆಳೆಯರು, ದಂಪತಿಗಳು, ಒಡಹುಟ್ಟಿದವರು, ಮಕ್ಕಳು ಮುಂತಾದ ಹತ್ತಿರದವರ ನಡುವಿನ ಮಾತು. ‘ರೆಕನ್‌ಸೈಲ್’ ಇದಕ್ಕಿಂತ ಗಂಭೀರ, ದೀರ್ಘಕಾಲದ ವಿರಸವನ್ನೂ ದೊಡ್ಡ ಸಮುದಾಯಗಳ ವೈರವನ್ನೂ ಕುರಿತು ಅದನ್ನು ಬಳಸಬಹುದು. ಎರಡು ದೇಶಗಳ ನಡುವಿನ ಸಂಬಂಧ ಸುಧಾರಿಸಿದ್ದನ್ನು ಗಂಭೀರ ಲೇಖನದಲ್ಲಿ ‘ಮೇಡ್ ಅಪ್’ ಎಂದು ಬರೆದರೆ ವಿಷಯದ ತೂಕ ಇಳಿದುಹೋಗುತ್ತದೆ. ‘ಪ್ಯಾಚ್ ಅಪ್’ ಎಂದರೆ ಹರಿದದ್ದಕ್ಕೆ ತೇಪೆ ಹಾಕುವುದು, ಹೊಲಿಗೆ ಮತ್ತೆ ಬಿಚ್ಚಬಹುದೆಂಬ ಸೂಚನೆ ಅದರಲ್ಲಿದೆ. ‘ಬರಿ ದ ಹ್ಯಾಚೆಟ್’ ಎಂಬ ನುಡಿಗಟ್ಟು, ಶಾಂತಿ ಮಾಡಿಕೊಳ್ಳುವಾಗ ಆಯುಧವನ್ನು ಹೂಳುತ್ತಿದ್ದ ಉತ್ತರ ಅಮೆರಿಕದ ಮೂಲನಿವಾಸಿಗಳ ಪದ್ಧತಿಯಿಂದ ಬಂದದ್ದು. ಹಳೆಯ ಹಗೆಯನ್ನು ಕೈಬಿಡುವುದಕ್ಕೆ ಅದು ತಕ್ಕದ್ದು, ನಿನ್ನೆಯ ಸಣ್ಣ ಮುನಿಸಿಗಲ್ಲ.

ಮೇಲಿನ ಮೂರು ಅರ್ಥಗಳು ಒಂದೇ ಜಾಗದಲ್ಲಿ ಸಂಧಿಸುವುದು ‘ಇಟ್’ ಎಂಬ ಸರ್ವನಾಮ ಸೇರಿದಾಗ. ಕಲಿಯುವವರು ಅತಿ ಹೆಚ್ಚು ಎಚ್ಚರದಿಂದಿರಬೇಕಾದ ಜಾಗವೂ ಇದೇ. ‘ಹಿ ಮೇಡ್ ಇಟ್ ಅಪ್’ ಎಂದರೆ ಅವನು ಅದನ್ನು ಸುಮ್ಮನೆ ಕಟ್ಟಿ ಹೇಳಿದ. ‘ಹಿ ಮೇಡ್ ಇಟ್ ಅಪ್ ವಿತ್ ಹರ್’ ಎಂದರೆ ಅವಳೊಂದಿಗಿನ ಮುನಿಸನ್ನು ಕಳೆದುಕೊಂಡ, ಇದು ಬ್ರಿಟಿಷರ ಬಳಕೆಯಲ್ಲಿ ಹೆಚ್ಚು. ‘ಹಿ ಮೇಡ್ ಇಟ್ ಅಪ್ ಟು ಹರ್’ ಎಂದರೆ ತನ್ನಿಂದ ಅವಳಿಗಾದ ನಷ್ಟಕ್ಕೋ ಬೇಸರಕ್ಕೋ ಪ್ರತಿಯಾಗಿ ಏನಾದರೂ ಒಳ್ಳೆಯದನ್ನು ಮಾಡಿ ಸರಿಪಡಿಸಿದ. ಮಾತಿಗೆ ತಪ್ಪಿದವರು ‘ಐ ವಿಲ್ ಮೇಕ್ ಇಟ್ ಅಪ್ ಟು ಯೂ’ ಎನ್ನುವುದು ಈ ಅರ್ಥದಲ್ಲಿಯೇ. ಅದೇ ವಾಕ್ಯದಿಂದ ‘ಇಟ್’ ಅನ್ನು ತೆಗೆದು ‘ಹಿ ಮೇಡ್ ಅಪ್ ಟು ಹರ್’ ಎಂದರೆ ಅರ್ಥ ಪೂರ್ತಿ ತಿರುಗುತ್ತದೆ: ತನ್ನ ಲಾಭಕ್ಕಾಗಿ ಅವಳನ್ನು ಹೊಗಳಿ ಓಲೈಸಿದ ಎಂದಾಗುತ್ತದೆ. ಈ ಕೊನೆಯ ಪ್ರಯೋಗ ಈಗ ವಿರಳವಾಗಿದೆ, ಹಳೆಯ ಬ್ರಿಟಿಷ್ ಕಾದಂಬರಿಗಳನ್ನು ಓದುವವರು ಮಾತ್ರ ತಿಳಿದಿರಬೇಕು. ಎರಡೇ ಅಕ್ಷರಗಳ ‘ಟು’ ಮತ್ತು ‘ಇಟ್’ ಪದಗಳು ಇಷ್ಟು ಕೆಲಸ ಮಾಡುವುದರಿಂದ, ‘ಮೇಕ್ ಅಪ್’ ಎಂಬುದನ್ನು ಮಾತ್ರ ಬಿಡಿಯಾಗಿ ನೆನಪಿಟ್ಟುಕೊಳ್ಳದೆ, ಒಂದೊಂದು ಅರ್ಥವನ್ನೂ ಅದರ ಸಂಗಾತಿ ಪದಗಳೊಂದಿಗೆ ಇಡಿಯಾಗಿ ಕಲಿಯಬೇಕೆಂದು ನಾನು ಒತ್ತಿ ಹೇಳುತ್ತೇನೆ.

‘ಮೇಕ್ ಅಪ್ ಯುವರ್ ಮೈಂಡ್’ ಎಂದರೆ ನಿರ್ಧಾರಕ್ಕೆ ಬಾ ಎಂದರ್ಥ. ಇದನ್ನು ಕನ್ನಡದ ‘ಮನಸ್ಸು ಮಾಡು’ ಎಂಬುದರೊಂದಿಗೆ ಕಲೆಸಬಾರದು. ‘ಅವರು ಮನಸ್ಸು ಮಾಡಿದರೆ ಕೆಲಸ ಆಗುತ್ತದೆ’ ಎಂದಾಗ ನಾವು ಹೇಳುವುದು ಇಚ್ಛೆಯನ್ನು, ಇಂಗ್ಲಿಷಿನ ಮಾತು ಹೇಳುವುದು ಎರಡು ಅಥವಾ ಹಲವು ಆಯ್ಕೆಗಳ ನಡುವಿನ ತೂಗಾಟ ಮುಗಿದದ್ದನ್ನು. ‘ಡಿಸೈಡ್’ ಇದರ ಸಹಜ ಪರ್ಯಾಯ. ‘ರಿಸಾಲ್ವ್’ ಎಂಬುದರಲ್ಲಿ ದೃಢಸಂಕಲ್ಪದ ಭಾರ ಹೆಚ್ಚು. ಆಜ್ಞಾರ್ಥಕದಲ್ಲಿ ಈ ನುಡಿಗಟ್ಟಿಗೆ ಅಸಹನೆಯ ಸ್ವರ ಬಂದುಬಿಡುವುದರಿಂದ, ಹಿರಿಯರಿಗೋ ಮೇಲಧಿಕಾರಿಗಳಿಗೋ ಬರೆಯುವಾಗ ಆ ರೂಪವನ್ನು ಬಳಸದಿರುವುದು ಉಚಿತ.

ಉಳಿದ ಅರ್ಥಗಳು ಚಿಕ್ಕವು. ಹಾಸಿಗೆಯನ್ನು ಮಲಗಲು ಸಿದ್ಧಗೊಳಿಸುವುದು, ವೈದ್ಯರ ಚೀಟಿಯಂತೆ ಔಷಧವನ್ನು ಬೆರೆಸಿ ತಯಾರಿಸುವುದು, ವಸ್ತುಗಳನ್ನು ಕೂಡಿಸಿ ಪೊಟ್ಟಣ ಕಟ್ಟುವುದು, ಮುದ್ರಣಾಲಯದಲ್ಲಿ ಜೋಡಿಸಿದ ಅಚ್ಚುಗಳನ್ನೂ ಚಿತ್ರಗಳನ್ನೂ ಹೊಂದಿಸಿ ಪುಟವಾಗಿ ಮಾಡುವುದು, ಇವೆಲ್ಲವೂ ‘ಮೇಕ್ ಅಪ್’ ಆಗಬಲ್ಲವು. ಇಲ್ಲೆಲ್ಲ ‘ಪ್ರಿಪೇರ್’ ಸಲ್ಲುತ್ತದೆ, ಔಷಧದ ವಿಷಯದಲ್ಲಿ ‘ಡಿಸ್ಪೆನ್ಸ್’ ಎಂಬುದು ವೃತ್ತಿಯ ಪದ. ಬ್ರಿಟನ್ನಿನಲ್ಲಿ ‘ಮೇಡ್ ಅಪ್ ರೋಡ್’ ಎಂದರೆ ಗಟ್ಟಿ ಮೇಲ್ಮೈ ಹಾಕಿದ ರಸ್ತೆ. ಲಿವರ್‌ಪೂಲ್ ಕಡೆಯ ಆಡುಮಾತಿನಲ್ಲಿ ‘ಐ ಆ್ಯಮ್ ಮೇಡ್ ಅಪ್’ ಎಂದರೆ ನನಗೆ ಬಹಳ ಸಂತೋಷವಾಗಿದೆ ಎಂದರ್ಥ.

ರೂಪದ ವಿಷಯದಲ್ಲಿ ಎರಡು ನಿಯಮಗಳು ಸಾಕು. ಕರ್ಮವು ಸರ್ವನಾಮವಾಗಿದ್ದರೆ ಅದು ನಡುವೆಯೇ ಬರಬೇಕು: ‘ಮೇಡ್ ಇಟ್ ಅಪ್’ ಸರಿ, ‘ಮೇಡ್ ಅಪ್ ಇಟ್’ ತಪ್ಪು. ನಾಮಪದವಾದರೆ ‘ಮೇಡ್ ಅಪ್ ಎ ಸ್ಟೋರಿ’ ಎಂದೂ ‘ಮೇಡ್ ಎ ಸ್ಟೋರಿ ಅಪ್’ ಎಂದೂ ಹೇಳಬಹುದು. ಆದರೆ ‘ಮೇಕ್ ಅಪ್ ಫಾರ್’ ಎಂಬುದನ್ನು ಒಡೆಯುವಂತಿಲ್ಲ, ಸರ್ವನಾಮವೂ ಕೊನೆಗೇ ಬರಬೇಕು: ‘ಮೇಕ್ ಅಪ್ ಫಾರ್ ಇಟ್’. ಎರಡನೆಯದು, ಕ್ರಿಯಾಪದವಾದಾಗ ಯಾವಾಗಲೂ ಎರಡು ಬಿಡಿ ಪದಗಳಾಗಿ ಬರೆಯಬೇಕು, ಉಚ್ಚಾರಣೆಯಲ್ಲಿ ಒತ್ತು ‘ಅಪ್’ ಮೇಲೆ ಬೀಳುತ್ತದೆ. ನಾಮಪದವಾದಾಗ ಕೂಡಿಸಿಯೋ ನಡುವೆ ಅಡ್ಡಗೆರೆ ಹಾಕಿಯೋ ಬರೆಯುತ್ತಾರೆ, ಒತ್ತು ‘ಮೇಕ್’ ಮೇಲೆ ಬೀಳುತ್ತದೆ.

ಔಪಚಾರಿಕ ಬರವಣಿಗೆಯಲ್ಲಿ ಇದಕ್ಕೆ ಜಾಗವಿದೆಯೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ಎಲ್ಲ ಅರ್ಥಗಳಿಗೂ ಒಂದೇ ಉತ್ತರವಿಲ್ಲ. ಇಂತಹ ಜೋಡಿ ಕ್ರಿಯಾಪದಗಳೆಲ್ಲ ಆಡುಮಾತಿನವು, ವರದಿ ಪ್ರಬಂಧಗಳಲ್ಲಿ ಅವನ್ನು ಬಳಸಲೇಬಾರದು ಎಂದು ಕೆಲವರು ಕಲಿಸುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಭಾಗಗಳು ಸೇರಿ ಇಡಿಯಾಗುವ ಅರ್ಥದಲ್ಲಿಯೂ ‘ಮೇಕ್ ಅಪ್ ಫಾರ್’ ಎಂಬ ಅರ್ಥದಲ್ಲಿಯೂ ಇದನ್ನು ವಿಜ್ಞಾನ ಲೇಖನದಿಂದ ಹಿಡಿದು ಸರ್ಕಾರಿ ವರದಿಯವರೆಗೆ ಎಲ್ಲಿ ಬೇಕಾದರೂ ನಿಸ್ಸಂಕೋಚವಾಗಿ ಬಳಸಬಹುದು. ಕಥೆ ಕಟ್ಟುವ ಅರ್ಥ ಮತ್ತು ಮುನಿಸು ಕಳೆಯುವ ಅರ್ಥ ಮಾತ್ರ ಸಲಿಗೆಯ ಬರಹಕ್ಕೆ ಸೇರಿದವು. ತನಿಖೆಯ ವರದಿಯೊಂದರಲ್ಲಿ ‘ಸಾಕ್ಷಿಯು ಈ ಹೇಳಿಕೆಯನ್ನು ಕಟ್ಟಿ ಹೇಳಿದ್ದಾನೆ’ ಎಂದು ಬರೆಯಬೇಕಾದರೆ ‘ಮೇಡ್ ಅಪ್’ ಬದಲಿಗೆ ‘ಫ್ಯಾಬ್ರಿಕೇಟೆಡ್’ ಎಂದೇ ಬರೆಯಿರಿ. ಆದರೆ ವಂಚಿಸುವ ಉದ್ದೇಶ ಸಾಬೀತಾಗಿಲ್ಲದಿದ್ದರೆ ಆ ಪದವನ್ನೂ ಬಿಟ್ಟು, ಹೇಳಿಕೆಗೆ ಆಧಾರ ಸಿಕ್ಕಿಲ್ಲ ಎಂದಷ್ಟೇ ಬರೆಯುವುದು ನ್ಯಾಯ.